ಕ್ರಿಯಾಟಿನಿನ್ 1.4 ಬಂದಿದೆ. ಕಿಡ್ನಿಗೆ ದಿನಾ ಏನು ಮಾಡಬೇಕು?

ಬೆನ್ನುನೋವಿನವ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಕುಳಿತು ಮಾಡುವ ಕೆಲಸ. ಶುಗರ್ ಇಲ್ಲ. ಬಿಪಿ ಇದೆ ಅಂತ ಯಾರೂ ಹೇಳಿಲ್ಲ. ನಾನು ನೋಡಿಸಿಕೊಂಡೂ ಇಲ್ಲ ಅನ್ನುವುದು ಬೇರೆ ಮಾತು. ಆಫೀಸಿನವರು ಮಾಡಿಸುವ ರಕ್ತ ತಪಾಸಣೆಯಲ್ಲಿ ಕ್ರಿಯಾಟಿನಿನ್ 1.4 ಬಂತು. ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಬಾಣದ ಗುರುತು. ಅಷ್ಟೇ. ಮೈಯಲ್ಲಿ ಏನೂ ತೊಂದರೆ ಕಾಣುತ್ತಿಲ್ಲ. ಮೂತ್ರ ಸರಿಯಾಗಿ ಹೋಗುತ್ತದೆ, ಕಾಲು ಊದಿಲ್ಲ, ಹಸಿವೂ ಚೆನ್ನಾಗಿದೆ.

ಡಾಕ್ಟರನ್ನು ಮುಂದಿನ ವಾರ ಕಾಣಬೇಕು. ಅಷ್ಟರಲ್ಲಿ ಅಲ್ಲಿ ಇಲ್ಲಿ ಓದಿ ತಲೆ ಕೆಟ್ಟಿದೆ. ದಿನಕ್ಕೆ 4 ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದ ಹಾಗೆ ಅಂತ ಒಬ್ಬರು ಬರೆದಿದ್ದರು. ನಿನ್ನೆ ಕುಡಿದೆ. ರಾತ್ರಿ ಐದು ಸಲ ಎದ್ದೆ. ಬೆಳಿಗ್ಗೆ ನಿದ್ದೆಗೆಟ್ಟು ತಲೆನೋವು, ಅದಕ್ಕೊಂದು ಮಾತ್ರೆ ನುಂಗಿದೆ. ಹೀಗೇ ದಿನಾ ಮಾಡಬೇಕಾ? ನೀವೆಲ್ಲ ನಿಜವಾಗಿ ಏನು ಪಾಲಿಸುತ್ತೀರಿ, ಸ್ವಲ್ಪ ಹೇಳಿ.

ಮಾತ್ರೆ ಅಂಗಡಿ

ಸರ್, ನೀರಿನ ವಿಷಯ ಆಮೇಲೆ. ಬೆಳಿಗ್ಗೆ ನುಂಗಿದ ಆ ಮಾತ್ರೆ ಯಾವುದು?

ಬೆನ್ನುನೋವಿನವ

ಡೈಕ್ಲೋಫೆನಾಕ್. ಬೆನ್ನುನೋವಿಗೆ ಅಂತ ಮೇಜಿನ ಡ್ರಾಯರ್‌ನಲ್ಲಿ ಯಾವಾಗಲೂ ಇರುತ್ತದೆ. ಎರಡು ವರ್ಷದ ಹಿಂದೆ ಡಾಕ್ಟರ್ ಐದು ದಿನಕ್ಕೆ ಬರೆದುಕೊಟ್ಟಿದ್ದರು. ಆಮೇಲೆ ನಾನೇ ತಂದುಕೊಳ್ಳುತ್ತಿದ್ದೇನೆ. ವಾರಕ್ಕೆ ನಾಲ್ಕು, ಕೆಲವು ವಾರ ಆರು. ಯಾಕೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮಾತ್ರೆ ಅಂಗಡಿ

ಇರಬಹುದು. ನಾನು ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು 17 ವರ್ಷ ಆಯಿತು. ಐದು ದಿನದ ಚೀಟಿ ಎರಡು ವರ್ಷ ಓಡುವುದನ್ನು ದಿನಾ ನೋಡುತ್ತೇನೆ.

ಕಿಡ್ನಿಗೆ ರಕ್ತ ಒಯ್ಯುವ ಸಣ್ಣ ನಾಳಗಳಿವೆ. ಅವು ಬಿಗಿಯಾಗದಂತೆ ನೋಡಿಕೊಳ್ಳುವ ವಸ್ತುವಿನ ಹೆಸರು ಪ್ರೊಸ್ಟಗ್ಲ್ಯಾಂಡಿನ್. ಬೆನ್ನಿನಲ್ಲಿ ನೋವು, ಬಾವು ತರುವುದೂ ಅದೇ ಜಾತಿಯ ವಸ್ತು. ಡೈಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್ ಇವೆಲ್ಲ ಅದು ತಯಾರಾಗುವುದನ್ನೇ ತಡೆಯುತ್ತವೆ. ನೋವೇನೋ ಹೋಗುತ್ತದೆ. ಕಿಡ್ನಿಗೆ ಹೋಗುವ ರಕ್ತವೂ ಇಳಿಯುತ್ತದೆ. ಗಟ್ಟಿಮುಟ್ಟಾದವರು ಎರಡು ಮೂರು ದಿನ ತೆಗೆದುಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವರ್ಷಗಟ್ಟಲೆ ನುಂಗಿದರೆ, ಅಥವಾ ಬೇಧಿ ವಾಂತಿಯಾಗಿ ಮೈಯಲ್ಲಿ ನೀರಿಲ್ಲದಾಗ ನುಂಗಿದರೆ ಕಥೆ ಬೇರೆ.

ಎಲ್ಲಕ್ಕಿಂತ ನನಗೆ ಭಯ ಒಂದು ಜೋಡಣೆಯದು. ಎನಾಲಾಪ್ರಿಲ್, ಲೋಸಾರ್ಟಾನ್ ಥರದ ಬಿಪಿ ಮಾತ್ರೆ ಒಂದು. ಮೂತ್ರ ಜಾಸ್ತಿ ಮಾಡುವ ಮಾತ್ರೆ ಇನ್ನೊಂದು. ಇವೆರಡರ ಮೇಲೆ ಈ ನೋವಿನ ಮಾತ್ರೆ. ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕುಸಿಯಬಹುದು. ಮೊದಲಿನ ಎರಡಕ್ಕೂ ಡಾಕ್ಟರ ಚೀಟಿ ಇರುತ್ತದೆ. ಮೂರನೆಯದು ಮಾತ್ರ ಪಕ್ಕದ ಮನೆಯವರ ಡಬ್ಬಿಯಿಂದ ಬರುತ್ತದೆ.

ಕೆಲವು ಶೀತದ ಮಾತ್ರೆಗಳಲ್ಲೂ ಐಬುಪ್ರೊಫೇನ್ ಸೇರಿರುತ್ತದೆ. ಹಿಂಬದಿಯ ಸಣ್ಣ ಅಕ್ಷರ ಓದಿ. ಪ್ಯಾರಾಸಿಟಮಾಲ್ ಕಿಡ್ನಿಗೆ ಇವುಗಳಿಗಿಂತ ಎಷ್ಟೋ ಸಲೀಸು, ಆದರೆ ಮಿತಿ ಮೀರಿದರೆ ಲಿವರ್ ಹಾಳು. ಹೃದಯಕ್ಕೆ ಅಂತ ಡಾಕ್ಟರ್ ಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನು ಓದಿ ಅದನ್ನು ನಿಲ್ಲಿಸಬೇಡಿ. ಅದು ಬೇರೆ ಲೆಕ್ಕ.

ಬೆನ್ನುನೋವಿನವ

ಡ್ರಾಯರ್ ಖಾಲಿ ಮಾಡಿದೆ. ಮೂರು ಪಟ್ಟಿ ಸಿಕ್ಕವು, ಒಂದರಲ್ಲಿ ಅರ್ಧ ಖಾಲಿ. ಇಷ್ಟು ನುಂಗಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಲ್ಯಾಬ್ ಕೋಟು

ಗಾಬರಿ ಬೇಡ ಸರ್. ಒಂದು ಸಲ ಬಂದ 1.4ರಿಂದ ಯಾರೂ ಏನೂ ತೀರ್ಮಾನ ಮಾಡುವುದಿಲ್ಲ.

ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ, ಅದನ್ನು ಸೋಸಿ ಹೊರಹಾಕುವುದು ಕಿಡ್ನಿ. ಮೈಕಟ್ಟು ಜಾಸ್ತಿ ಇದ್ದವರಲ್ಲಿ ಜಾಸ್ತಿ, ಸಣಕಲು ಇದ್ದವರಲ್ಲಿ ಕಡಿಮೆ. ಅದಕ್ಕೇ ಬರೀ ಆ ಅಂಕಿ ನೋಡಬಾರದು. ವಯಸ್ಸು, ಗಂಡು ಹೆಣ್ಣು ಸೇರಿಸಿ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಲೆಕ್ಕ ಹಾಕುವ ಇಜಿಎಫ್‌ಆರ್ ನೋಡಬೇಕು. ಒಂದು ಉದಾಹರಣೆ ಕೊಡುತ್ತೇನೆ. ಕ್ರಿಯಾಟಿನಿನ್ 1.2 ಅಂತ ಇಟ್ಟುಕೊಳ್ಳಿ. 25 ವರ್ಷದ ಹುಡುಗನಿಗೆ 2021ರ ಸೂತ್ರದಲ್ಲಿ ಇಜಿಎಫ್‌ಆರ್ ಸುಮಾರು 86 ಬರುತ್ತದೆ. ಅದೇ 1.2 ಎಪ್ಪತ್ತು ವರ್ಷದ ಅಜ್ಜಿಗೆ ಬಂದರೆ ಸುಮಾರು 49. ಹುಡುಗನಿಗೆ ಏನೂ ಇಲ್ಲ. ಅಜ್ಜಿಯನ್ನು ಡಾಕ್ಟರಿಗೆ ತೋರಿಸಬೇಕು. ಆದರೆ ರಿಪೋರ್ಟಿನಲ್ಲಿ ಅಜ್ಜಿಯ ಅಂಕಿಯ ಪಕ್ಕ ಬಾಣವೇ ಇಲ್ಲದಿರಬಹುದು!

ನಿಮ್ಮದು ಸುಮಾರು 63 ಆಗುತ್ತದೆ. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಮೂರು ತಿಂಗಳಾದರೂ ಇದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ನೀವು ಗಡಿಯ ಈಚೆಗೇ ಇದ್ದೀರಿ, ಆದರೆ ಗಡಿ ದೂರವಿಲ್ಲ.

ಇನ್ನೊಂದು ಪರೀಕ್ಷೆ ಕೇಳಿ ಬರೆಸಿಕೊಳ್ಳಿ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ, ಎಸಿಆರ್ ಅಂತಾರೆ. 30ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಕಿಡ್ನಿಯ ಜರಡಿ ತೂತಾಗುತ್ತಿದ್ದರೆ ರಕ್ತದಲ್ಲಿ ಗೊತ್ತಾಗುವ ಮೊದಲೇ ಇಲ್ಲಿ ಗೊತ್ತಾಗುತ್ತದೆ, ಶುಗರ್ ಇರುವವರಲ್ಲಂತೂ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಕೊಟ್ಟರೆ ಫಲಿತಾಂಶ ಸರಿಯಾಗಿರುತ್ತದೆ. ಜ್ವರ ಇದ್ದಾಗ, ಹಿಂದಿನ ದಿನ ಸಿಕ್ಕಾಪಟ್ಟೆ ವ್ಯಾಯಾಮ ಮಾಡಿದಾಗ ಕೊಡಬೇಡಿ, ಸುಳ್ಳು ಏರಿಕೆ ತೋರಿಸುತ್ತದೆ.

ಜಿಮ್ ಹುಡುಗ

ನನಗೂ 1.4 ಬಂದಿತ್ತು. ನಾನು ಮೈಕಟ್ಟಿಗೆ ಅಂತ ಕ್ರಿಯೇಟಿನ್ ಪುಡಿ ತೆಗೆದುಕೊಳ್ಳುತ್ತೇನೆ. ಹಿಂದಿನ ರಾತ್ರಿ ಹೊಟ್ಟೆ ತುಂಬ ಮಾಂಸ ಬೇರೆ. ಡಾಕ್ಟರ್ ಎರಡನ್ನೂ ಬಿಡಿಸಿ, ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡಿಸಿದರು. ಜೊತೆಗೆ ಸಿಸ್ಟಾಟಿನ್ ಸಿ ಅನ್ನುವ ಪರೀಕ್ಷೆ. ಅದು ಸ್ನಾಯುವಿನ ಮೇಲೆ ಅಷ್ಟು ನಿಂತಿಲ್ಲವಂತೆ. ಸರಿಯಾಗೇ ಇತ್ತು. ಸುಮ್ನೆ ಎರಡು ವಾರ ನಿದ್ದೆ ಹಾಳು.

ಮೂರು ದಿನ ನಾಲ್ಕು ಗಂಟೆ

ಈ ಚರ್ಚೆ ಸುಮ್ಮನೆ ಓದುತ್ತಿದ್ದೆ. "ಮೈಯಲ್ಲಿ ಏನೂ ತೊಂದರೆ ಇಲ್ಲ" ಅನ್ನುವ ಮಾತು ನೋಡಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರೂ ಅದನ್ನೇ ಹೇಳುತ್ತಿದ್ದರು. ಬಿಪಿ ಇತ್ತು. ಮಾತ್ರೆ ಮೂರು ತಿಂಗಳು ತೆಗೆದುಕೊಂಡರು. ಬಿಪಿ ಸರಿಹೋಯಿತು. "ಈಗ ಸರಿಯಾಗಿದೆಯಲ್ಲ, ಇನ್ನೇಕೆ?" ಅಂತ ಬಿಟ್ಟರು. ಮಾತ್ರೆಯಿಂದಲೇ ಸರಿಯಾಗಿದ್ದು ಅಂತ ನನಗೂ ಆಗ ಹೊಳೆಯಲಿಲ್ಲ. ಏಳು ವರ್ಷ ಯಾವ ತೊಂದರೆಯೂ ಇರಲಿಲ್ಲ. ಮೂತ್ರದಲ್ಲಿ ನೊರೆ ಬರುತ್ತದೆ, ನೀರು ಸುರಿದರೂ ಹೋಗುವುದಿಲ್ಲ ಅಂತ ಒಮ್ಮೆ ಹೇಳಿದ್ದರು. ಇಬ್ಬರೂ ನಕ್ಕು ಬಿಟ್ಟೆವು. ಆಮೇಲೆ ಸುಸ್ತು, ವಾಕರಿಕೆ, ಮುಖ ಊದಿಕೊಳ್ಳುವುದು ಶುರುವಾಯಿತು. ಆಸ್ಪತ್ರೆಗೆ ಹೋದಾಗ ಉಳಿದಿದ್ದ ಇಜಿಎಫ್‌ಆರ್ 9.

ಈಗ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ನೀವು ನೀರಿನ ಮಾತಾಡಿದಿರಿ. ಅವರಿಗೆ ದಿನಕ್ಕೆ ಇಷ್ಟೇ ಅಂತ ಅಳೆದು ಕೊಡಬೇಕು. ನಾನು ಬೆಳಿಗ್ಗೆ ಒಂದು ಬಾಟಲಿಗೆ ತುಂಬಿಡುತ್ತೇನೆ. ಮಾತ್ರೆ ನುಂಗುವ ನೀರೂ ಅದರಲ್ಲೇ ಬರಬೇಕು. ಸಂಜೆ ಹೊತ್ತಿಗೆ ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಉಳಿದಿರುತ್ತದೆ. ಅದನ್ನು ಅವರು ಕುಡಿಯುವುದಿಲ್ಲ. ರಾತ್ರಿಗೆ ಬೇಕಾಗುತ್ತದೆ ಅಂತ ಇಟ್ಟುಕೊಂಡು ನೋಡುತ್ತಾ ಕೂರುತ್ತಾರೆ. ಬಾಯಿ ಒಣಗಿದರೆ ಒಂದು ಐಸ್ ತುಂಡು ಚೀಪುತ್ತಾರೆ. ಅದೂ ಲೆಕ್ಕಕ್ಕೆ ಸೇರುತ್ತದೆ.

ಸರ್, ದಯವಿಟ್ಟು ಬಿಪಿ ನೋಡಿಸಿ. ಇವತ್ತೇ.

ಬೆನ್ನುನೋವಿನವ

ಅಕ್ಕ, ನಿಮ್ಮ ಮಾತು ಓದಿ ಎದ್ದು ಹೋಗಿ ನೋಡಿಸಿಕೊಂಡು ಬಂದೆ. 158/96. ಕೈಕಾಲು ತಣ್ಣಗಾಯಿತು.

ಲ್ಯಾಬ್ ಕೋಟು

ಹೇಗೆ ನೋಡಿದರು? ಮೆಟ್ಟಿಲು ಹತ್ತಿ ಹೋದಿರಾ?

ಬೆನ್ನುನೋವಿನವ

ಎರಡು ಮಹಡಿ. ಹೋದ ಕೂಡಲೇ ತೋಳಿಗೆ ಪಟ್ಟಿ ಸುತ್ತಿದರು. ನಾನು ಅವರ ಜೊತೆ ಮಾತಾಡುತ್ತಲೇ ಇದ್ದೆ.

ಲ್ಯಾಬ್ ಕೋಟು

ಆ ಅಂಕಿ ಪಕ್ಕಕ್ಕಿಡಿ. ತೋಳಿಗೆ ಸುತ್ತುವ ಬಿಪಿ ಯಂತ್ರ ಮನೆಗೆ ತನ್ನಿ, ಮಣಿಕಟ್ಟಿನದು ಬೇಡ. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿ. ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಮಾತು ಬೇಡ, ಮೊಬೈಲ್ ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಸಂಜೆ ಒಂದು ವಾರ ಬರೆದಿಡಿ. ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತಬೇಡಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಅದು ನಿಜವಾದ ಬಿಪಿ. ಆ ಚೀಟಿ ಡಾಕ್ಟರಿಗೆ ಒಯ್ದುಕೊಡಿ. ರಿಪೋರ್ಟಿಗಿಂತ ಅದು ಅವರಿಗೆ ಜಾಸ್ತಿ ಉಪಯೋಗ.

ಹಸಿರು ನಂಬಿಕೆ

ಇಷ್ಟೆಲ್ಲ ಇಂಗ್ಲಿಷ್ ಔಷಧಿ ಯಾಕೆ? ಕಿಡ್ನಿ ಶುದ್ಧಿ ಮಾಡುವ ಗಿಡಮೂಲಿಕೆ ಪುಡಿ ಸಿಗುತ್ತದೆ. ಖಾಲಿ ಹೊಟ್ಟೆಗೆ 21 ದಿನ ಕುಡಿಯಿರಿ. ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ.

ಮಾತ್ರೆ ಅಂಗಡಿ

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಘಟನೆ ಹೇಳುತ್ತೇನೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಒಂದು ಕಡೆ ಮಹಿಳೆಯರಿಗೆ ಗಿಡಮೂಲಿಕೆಯ ಮಾತ್ರೆ ಕೊಟ್ಟರು. ಅದರಲ್ಲಿ ಒಂದು ಮೂಲಿಕೆ ತಪ್ಪಿ ಇನ್ನೊಂದು ಸೇರಿತ್ತು. ಅರಿಸ್ಟೊಲೋಕಿಯ ಜಾತಿಯ ಗಿಡ. ಅದರ ಆಮ್ಲ ಕಿಡ್ನಿಯನ್ನು ಒಣಗಿಸಿಬಿಡುತ್ತದೆ. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಹಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ಅದೂ ನೈಸರ್ಗಿಕವೇ ಆಗಿತ್ತು.

ಎಲ್ಲ ಮೂಲಿಕೆಯೂ ವಿಷ ಅನ್ನುತ್ತಿಲ್ಲ. ಒಳಗೆ ಏನಿದೆ ಅಂತ ಬರೆಯದ ಪುಡಿಯನ್ನು ಕಿಡ್ನಿಯ ಮೇಲೆ ಅನುಮಾನ ಬಂದವರು ಬಾಯಿಗೆ ಹಾಕಬಾರದು. ಮತ್ತೆ, ಶುದ್ಧಿ ಮಾಡುವುದು ಅಂದರೆ ಏನು? ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಅದರಲ್ಲಿ ಒಂದೂವರೆ ಎರಡು ಲೀಟರ್ ಹೊರಗೆ ಬಿಟ್ಟು ಉಳಿದದ್ದನ್ನೆಲ್ಲ ವಾಪಸು ರಕ್ತಕ್ಕೆ ಸೇರಿಸುತ್ತದೆ. ತೊಳೆಯುವ ಯಂತ್ರವನ್ನೇ ತೊಳೆಯುತ್ತೇವೆ ಅಂದರೆ ಹೇಗೆ?

ಹಸಿರು ನಂಬಿಕೆ

ನನಗೇನೂ ಆಗಿಲ್ಲ, ನಾನು ಕುಡಿಯುತ್ತಿದ್ದೇನೆ.

ಮೂರು ದಿನ ನಾಲ್ಕು ಗಂಟೆ

ಕ್ರಿಯಾಟಿನಿನ್ ನೋಡಿಸಿದ್ದೀರಾ ಅಣ್ಣ? ನಮ್ಮವರಿಗೂ ಏಳು ವರ್ಷ ಏನೂ ಆಗಿರಲಿಲ್ಲ.

ಕಲ್ಲು ಕಂಡವಳು

ನೀರಿನ ವಿಷಯ ಅಲ್ಲೇ ಉಳಿಯಿತಲ್ಲ, ನಾನು ಹೇಳುತ್ತೇನೆ. ಎರಡು ಸಲ ಕಿಡ್ನಿ ಕಲ್ಲು ಆಗಿದೆ. ಹೆರಿಗೆ ನೋವೂ ಗೊತ್ತು, ಇದೂ ಗೊತ್ತು. ಯಾವುದು ಜಾಸ್ತಿ ಅಂತ ಕೇಳಬೇಡಿ.

ಕಲ್ಲು ಆದವರಿಗೆ ನೀರು ನಿಜಕ್ಕೂ ಔಷಧಿ. ಇಟಲಿಯಲ್ಲಿ ಮಾಡಿದ ಒಂದು ಅಧ್ಯಯನ 1996ರಲ್ಲಿ ಬಂತು. ಮೊದಲ ಸಲ ಕಲ್ಲು ಆದವರನ್ನು 5 ವರ್ಷ ನೋಡಿದರು. ದಿನಕ್ಕೆ 2 ಲೀಟರ್ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ನೂರಕ್ಕೆ 12 ಜನರಿಗೆ ಮತ್ತೆ ಕಲ್ಲು ಬಂತು, ಉಳಿದವರಲ್ಲಿ 27 ಜನರಿಗೆ. ಗಮನಿಸಿ, ಲೆಕ್ಕ ಕುಡಿಯುವ ನೀರಿನದಲ್ಲ, ಹೊರಗೆ ಹೋಗುವ ಮೂತ್ರದ್ದು. ಡಾಕ್ಟರ್ ಒಂದು ದಿನ ಅಳೆಯಲು ಹೇಳಿದ್ದರು. ಹಳೆಯ ಪ್ಲಾಸ್ಟಿಕ್ ಜಗ್ಗಿಗೆ ಗೆರೆ ಎಳೆದು ಬಚ್ಚಲಿನಲ್ಲಿ ಇಟ್ಟುಕೊಂಡೆ. ಮೂರು ಲೀಟರ್ ಕುಡಿಯುತ್ತೇನೆ ಅಂತ ಎಲ್ಲರ ಹತ್ತಿರ ಹೇಳುತ್ತಿದ್ದವಳಿಗೆ ಸಂಜೆ ಲೆಕ್ಕ ಹಾಕಿದರೆ 900 ಮಿಲಿಲೀಟರ್! ಬಾಟಲಿ ತುಂಬಿಸುವುದಕ್ಕೂ ಕುಡಿಯುವುದಕ್ಕೂ ವ್ಯತ್ಯಾಸ ಇದೆ ಅಂತ ಆವತ್ತು ಗೊತ್ತಾಯಿತು.

ಇನ್ನೊಂದು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ ಅಂತ ನಾನು ಹಾಲು ಬಿಟ್ಟಿದ್ದೆ. ತಪ್ಪು. ಊಟದಲ್ಲಿನ ಕ್ಯಾಲ್ಸಿಯಂ, ಕಲ್ಲು ಕಟ್ಟಿಸುವ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದು ಮಲದ ಜೊತೆ ಕಳಿಸುತ್ತದೆ. ಅದು ಸಾಲದೆ ಹೋದರೆ ಆಕ್ಸಲೇಟು ಕಿಡ್ನಿಗೆ ಬರುತ್ತದೆ. ವಿಟಮಿನ್ ಸಿ ಮಾತ್ರೆ ದಿನಾ 1000 ಮಿ.ಗ್ರಾಂ ನುಂಗುತ್ತಿದ್ದೆ, ಅದನ್ನೂ ಬಿಡಿಸಿದರು. ಅದು ದೇಹದಲ್ಲಿ ಆಕ್ಸಲೇಟ್ ಆಗುತ್ತದಂತೆ.

ಲ್ಯಾಬ್ ಕೋಟು

ಸರಿಯಾಗಿ ಹೇಳಿದಿರಿ ಮೇಡಂ. ಆದರೆ ಕಲ್ಲಿನ ಮಾತು ಬೇರೆ, ಕಿಡ್ನಿ ಸವೆಯುವ ಮಾತು ಬೇರೆ. ಕೆನಡಾದಲ್ಲಿ ಕಿಡ್ನಿ ಕಾಯಿಲೆ ಇದ್ದ 631 ಜನರಲ್ಲಿ ಒಂದು ಗುಂಪಿಗೆ ಜಾಸ್ತಿ ನೀರು ಕುಡಿಯಲು ಹೇಳಿ ಒಂದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಕಿಡ್ನಿ ಸವೆಯುವ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಬಾಯಾರಿದಾಗ ಕುಡಿಯಿರಿ, ಮೂತ್ರ ತಿಳಿ ಹಳದಿ ಇರಲಿ. ಬಲವಂತದ 4 ಲೀಟರ್ ಬೇಡ. ಅತಿಯಾದರೆ ರಕ್ತದ ಸೋಡಿಯಂ ಇಳಿದು ತಲೆ ತಿರುಗಿ ಬೀಳುತ್ತೀರಿ. ಹೃದಯ ದುರ್ಬಲ ಇರುವವರು, ಕಿಡ್ನಿ ತುಂಬ ಇಳಿದವರು ಡಾಕ್ಟರ್ ಹೇಳಿದ ಅಳತೆ ಮೀರಲೇಬಾರದು.

ಬಿಸಿಲಲ್ಲಿ ಕೆಲಸ

ನಮ್ಮಂಥವರಿಗೆ ಬಾಯಾರಿದಾಗ ಕುಡಿಯಿರಿ ಅಂದರೆ ಸಾಲದು ಸರ್. ಬೆಳಿಗ್ಗೆಯಿಂದ ಸಂಜೆವರೆಗೆ ರಸ್ತೆ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮೂತ್ರ ಕಡು ಹಳದಿ ಆಗಿರುತ್ತದೆ. ಹೆಂಗಸರು ಶೌಚಾಲಯ ಇಲ್ಲ ಅಂತ ನೀರೇ ಕುಡಿಯುವುದಿಲ್ಲ. ಸಂಜೆ ಮೈಕೈ ನೋವಿಗೆ ಎಲ್ಲರೂ ಮಾತ್ರೆ ಹಂಚಿಕೊಳ್ಳುತ್ತೇವೆ.

ಮಾತ್ರೆ ಅಂಗಡಿ

ಅದೇ ಕೆಟ್ಟ ಜೋಡಿ ಅಣ್ಣ. ಒಣಗಿದ ಮೈ, ಮೇಲೆ ನೋವಿನ ಮಾತ್ರೆ. ಎಲ್ ಸಾಲ್ವಡಾರ್, ನಿಕರಾಗುವಾ ಕಡೆ ಕಬ್ಬಿನ ಗದ್ದೆಯಲ್ಲಿ ದುಡಿಯುವ ಎಳೆ ವಯಸ್ಸಿನ ಗಂಡಸರಿಗೆ, ಶುಗರ್ ಬಿಪಿ ಯಾವುದೂ ಇಲ್ಲದೆ ಕಿಡ್ನಿ ಹೋಗಿರುವುದು ವೈದ್ಯರಿಗೆ ಗೊತ್ತಿರುವ ವಿಷಯ. ಸುಡು ಬಿಸಿಲಿನ ದುಡಿಮೆಯೂ ಕಾರಣ ಅಂತ ಬಲವಾದ ಅನುಮಾನ. ಅಲ್ಲಿ ಈಗ ನೀರು, ನೆರಳು, ವಿಶ್ರಾಂತಿ ಮೂರನ್ನೂ ಒಟ್ಟಿಗೆ ಕೊಡುವ ಕ್ರಮ ತಂದಿದ್ದಾರೆ. ಬರೀ ನೀರು ಕೊಟ್ಟರೆ ಆಗುವುದಿಲ್ಲ, ನೆರಳಲ್ಲಿ ಕೂರಿಸಬೇಕು. ಅದನ್ನು ನಿಮ್ಮ ಮೇಸ್ತ್ರಿಗೆ ಹೇಳುವವರು ಬೇಕು, ಗೊತ್ತು.

ಉಪ್ಪಿನ ಡಬ್ಬಿ

ಎಲ್ಲರೂ ಉಪ್ಪಿನ ಮಾತೇ ಬಿಟ್ಟರಲ್ಲ! ನಾನು ಬಿಪಿಯವನು, ಆರು ವರ್ಷದ ಅನುಭವ.

ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಟೀ ಚಮಚದಷ್ಟು. ಎಲ್ಲರೂ "ನಮ್ಮ ಮನೇಲಿ ಉಪ್ಪು ಕಡಿಮೆನೇ" ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ಒಂದು ಕೆಲಸ ಮಾಡಿ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ. ಅಂದರೆ ಒಂದು ಕೆಜಿ 50 ದಿನ ಬರಬೇಕು. ನಮ್ಮಲ್ಲಿ 24ನೇ ದಿನಕ್ಕೆ ಡಬ್ಬಿ ಕೆರೆಯುವ ಸದ್ದು ಕೇಳಿತು. ತಲೆಗೆ 10 ಗ್ರಾಂ ದಾಟಿತ್ತು! ಪಾತ್ರೆಯಲ್ಲಿ ಉಳಿದು ಚೆಲ್ಲಿದ್ದು ಸ್ವಲ್ಪ ಇರಬಹುದು, ಆದರೆ ಬ್ರೆಡ್ಡು, ಸಾಸು, ಚಿಪ್ಸು, ನೂಡಲ್ಸಿನ ಉಪ್ಪು ಈ ಲೆಕ್ಕದಲ್ಲಿ ಇಲ್ಲ.

ಒಂದೇ ಸಲಕ್ಕೆ ಅರ್ಧ ಮಾಡಬೇಡಿ, ಮನೆಯಲ್ಲಿ ಜಗಳ ಆಗುತ್ತದೆ (ಆಗಿದೆ). ವಾರ ವಾರ ಒಂದೊಂದು ಚಿಟಿಕೆ ಇಳಿಸಿ. ಕೆಲವು ವಾರಕ್ಕೆ ನಾಲಗೆ ಒಗ್ಗುತ್ತದೆ. ಗುಲಾಬಿ ಉಪ್ಪು, ಕಲ್ಲುಪ್ಪು ಎಲ್ಲ ಸೋಡಿಯಂ ಕ್ಲೋರೈಡೇ, ಮೋಸ ಹೋಗಬೇಡಿ.

ಲ್ಯಾಬ್ ಕೋಟು

ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಮಾರುತ್ತಾರಲ್ಲ, ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಬೇರೆಯವರಿಗೆ ಅದು ಒಳ್ಳೆಯದೇ. ಕಿಡ್ನಿ ಇಳಿದವರಿಗೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸಬಹುದು. ಲೋಸಾರ್ಟಾನ್ ಥರದ ಮಾತ್ರೆ ತೆಗೆದುಕೊಳ್ಳುವವರೂ ಕೇಳಿಕೊಂಡೇ ಬಳಸಬೇಕು.

ಜಿಮ್ ಹುಡುಗ

ಪ್ರೋಟೀನ್ ಪುಡಿ?

ಲ್ಯಾಬ್ ಕೋಟು

ಕಿಡ್ನಿ ಚೆನ್ನಾಗಿದ್ದರೆ ಮಿತಿಯಲ್ಲಿ ತೊಂದರೆ ಇಲ್ಲ. ಕಿಡ್ನಿ ಕಾಯಿಲೆ ಶುರುವಾದವರಿಗೆ ಸಾಮಾನ್ಯವಾಗಿ ದಿನಕ್ಕೆ ಮೈತೂಕದ ಕೆಜಿಗೆ 0.8 ಗ್ರಾಂ ಪ್ರೋಟೀನ್ ಸುತ್ತಮುತ್ತ ಹೇಳುತ್ತಾರೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಮತ್ತೆ ಜಾಸ್ತಿ ಬೇಕು. ಸಿಗರೇಟು ಇದ್ದರೆ ಮೊದಲು ಅದನ್ನು ಬಿಡು ತಮ್ಮ.

ಬೆನ್ನುನೋವಿನವ

ನಾಲ್ಕು ತಿಂಗಳಾಯಿತು, ಏನಾಯಿತು ಅಂತ ಬರೆಯುತ್ತೇನೆ.

ಮನೆಯಲ್ಲಿ ಒಂದು ವಾರದ ಬಿಪಿ ಸರಾಸರಿ 144/91 ಬಂತು. ಮೆಟ್ಟಿಲಿನ ತಪ್ಪು ಅಲ್ಲ, ನಿಜವಾಗಿಯೇ ಇತ್ತು. ಡಾಕ್ಟರ್ ಒಂದು ಮಾತ್ರೆ ಶುರು ಮಾಡಿದರು. ಎರಡು ವಾರ ಬಿಟ್ಟು ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತೆ ನೋಡಿದರು. ಬೇಧಿ ವಾಂತಿ ಜೋರಾದರೆ ಆ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ ಕೇಳಬೇಕು ಅಂದರು. ಈಗ 126/80ರ ಆಸುಪಾಸು ಇರುತ್ತದೆ. ಸರಿಯಾಗಿದೆ ಅಂತ ನಿಲ್ಲಿಸಿಲ್ಲ, ಅಕ್ಕನ ಮಾತು ನೆನಪಿದೆ. ಎಸಿಆರ್ 22. ಕ್ರಿಯಾಟಿನಿನ್ 1.2, ಇಜಿಎಫ್‌ಆರ್ 75. ನೋವಿನ ಮಾತ್ರೆ ಬಿಟ್ಟದ್ದೇ ಕಾರಣ ಇರಬಹುದು ಅಂದರು. ಬೆನ್ನಿಗೆ ಫಿಸಿಯೋಥೆರಪಿ. ದಿನಾ 20 ನಿಮಿಷ ನೆಲದ ಮೇಲೆ ಮಲಗಿ ಕಾಲು ಎತ್ತುವುದು. ನೋವು ಪೂರ್ತಿ ಹೋಗಿಲ್ಲ.

ಉಪ್ಪಿನ ಡಬ್ಬಿಯವರೇ, ನಮ್ಮಲ್ಲಿ ಮೂರು ಜನ. ಒಂದು ಕೆಜಿ 66 ದಿನ ಬರಬೇಕಿತ್ತು, 31 ದಿನಕ್ಕೆ ಮುಗಿದಿತ್ತು. ಈಗಿನ ಪ್ಯಾಕೆಟ್ 40ನೇ ದಿನದಲ್ಲಿದೆ, ಕಾಲು ಭಾಗ ಉಳಿದಿದೆ.

ಮೊನ್ನೆ ಹಲ್ಲು ಕೀಳಿಸಿಕೊಂಡೆ. ಚೀಟಿಯಲ್ಲಿ ಎರಡನೇ ಸಾಲು ಡೈಕ್ಲೋಫೆನಾಕ್. ಬಾಯಲ್ಲಿ ಹತ್ತಿ ಇತ್ತು, ಮಾತಾಡಲು ಆಗುತ್ತಿರಲಿಲ್ಲ. ಚೀಟಿಯ ಹಿಂದೆ "ಕಿಡ್ನಿ, ಬಿಪಿ ಮಾತ್ರೆ" ಅಂತ ಬರೆದು ತೋರಿಸಿದೆ. ಅವರು ಆ ಸಾಲು ಹೊಡೆದುಹಾಕಿ ಪ್ಯಾರಾಸಿಟಮಾಲ್ ಬರೆದುಕೊಟ್ಟರು.